ಮೇಜಿನ ಆ ಕಡೆ ನಿಂತವರು ಏನು ಬರೆದುಕೊಳ್ಳುತ್ತಾರೆ?

ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಮಾತು ಕೇಳಿದ್ದೆ. ವಿಶ್ವವಿದ್ಯಾಲಯದ ಉದ್ಯೋಗ ಮೇಳಕ್ಕೆ ಹೋಗಿದ್ದೀರಾ, ಏನಾಯಿತು, ಬರೆಯಿರಿ ಅಂತ. ಇಷ್ಟೊಂದು ಪತ್ರ ಬರುತ್ತದೆ ಅಂದುಕೊಂಡಿರಲಿಲ್ಲ. ಅರ್ಧ ಪತ್ರಗಳಲ್ಲಿ ಸಿಟ್ಟು, ಉಳಿದರ್ಧದಲ್ಲಿ ಭಯ. ಎರಡು ಮಾತ್ರ ಕಂಪನಿ ಕಡೆಯವರದು, ಅವರಿಗೂ ಅವರದೇ ಗೋಳು. ನಾನು 11 ವರ್ಷ ಇಂಥ ಮೇಳಗಳಲ್ಲಿ ಮೇಜಿನ ಹಿಂದೆ ನಿಂತವಳು. ಅದಕ್ಕೂ ಮುಂಚೆ ಅದೇ ಮೇಜಿನ ಮುಂದೆ ಕೈ ಬೆವರಿಸಿಕೊಂಡು ನಿಂತವಳು. ಹಾಗಾಗಿ ಎರಡೂ ಕಡೆಯ ಬೈಗುಳ ನನಗೆ ಹೊಸದಲ್ಲ. ಬನ್ನಿ, ಶುರು ಮಾಡೋಣ.

ಪ್ರಶ್ನೆ: ಮೇಡಂ, ಒಂದೇ ದಿನ 32 ಸ್ಟಾಲ್‌ಗಳಿಗೆ ರೆಸ್ಯೂಮ್ ಕೊಟ್ಟೆ. ಕಾಲು ಬಿದ್ದುಹೋಯಿತು. ಎಲ್ಲರೂ ನಗುನಗುತ್ತಾ "ನಮ್ಮ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಿ" ಅಂದರು. ಅದನ್ನು ರೂಮಿನಲ್ಲಿ ಕೂತೇ ಮಾಡಬಹುದಿತ್ತಲ್ವಾ? ಕೆಲಸ ಕೊಡುವುದಿಲ್ಲ ಅಂದಮೇಲೆ ಇವರೆಲ್ಲ ಯಾಕಾದರೂ ಬರುತ್ತಾರೆ?
– ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. "ವೆಬ್‌ಸೈಟ್‌ನಲ್ಲಿ ಹಾಕಿ" ಅನ್ನುವುದು ಕೆಲವು ಸಲ ನಯವಾಗಿ ಸಾಗಹಾಕುವ ಮಾತೇ. ಆದರೆ ಯಾವಾಗಲೂ ಅಲ್ಲ. ದೊಡ್ಡ ಕಂಪನಿಗಳಲ್ಲಿ ಪ್ರತಿಯೊಂದು ಅರ್ಜಿಯೂ ಒಂದು ಸಾಫ್ಟ್‌ವೇರ್ ಒಳಗೆ ಹೋಗಲೇಬೇಕು. ಅದರಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ, ಸ್ಟಾಲ್‌ನಲ್ಲಿದ್ದವರು ನಿಮ್ಮನ್ನು ಎಷ್ಟೇ ಮೆಚ್ಚಿಕೊಂಡರೂ ಮುಂದಿನ ಸುತ್ತಿಗೆ ಕರೆಯಲು ಅವರಿಗೆ ದಾರಿಯೇ ಇರುವುದಿಲ್ಲ. ಎಷ್ಟೋ ಕಡೆ ಆ ಸ್ಟಾಲ್‌ನಲ್ಲಿ ನಿಂತವರಿಗೆ ಆಯ್ಕೆ ಮಾಡುವ ಅಧಿಕಾರವೇ ಇರುವುದಿಲ್ಲ. ಹೋದ ವರ್ಷ ಕೆಲಸಕ್ಕೆ ಸೇರಿದ ಹುಡುಗನನ್ನೋ ಹುಡುಗಿಯನ್ನೋ "ನಿಮ್ಮದೇ ಕಾಲೇಜು ತಾನೇ, ಹೋಗಿ ಬನ್ನಿ" ಅಂತ ಕಳಿಸಿರುತ್ತಾರೆ.

ಇನ್ನು ಯಾಕೆ ಬರುತ್ತಾರೆ ಅನ್ನುವುದು. ಕೆಲವರಿಗೆ ನಿಜವಾಗಿಯೂ ಈಗಲೇ ಜನ ಬೇಕು. ಕೆಲವರು ಮುಂದಿನ ವರ್ಷದ ಇಂಟರ್ನ್‌ಶಿಪ್‌ಗೆ ಹುಡುಗರನ್ನು ನೋಡಿಟ್ಟುಕೊಳ್ಳಲು ಬಂದಿರುತ್ತಾರೆ, ಯಾಕೆಂದರೆ ಎರಡು ತಿಂಗಳು ತಮ್ಮ ಜೊತೆ ಕೆಲಸ ಮಾಡಿದವರನ್ನು ಪೂರ್ತಿ ಕೆಲಸಕ್ಕೆ ತೆಗೆದುಕೊಳ್ಳುವುದು ಅರ್ಧ ಗಂಟೆಯ ಸಂದರ್ಶನ ನಂಬಿ ತೆಗೆದುಕೊಳ್ಳುವುದಕ್ಕಿಂತ ಎಷ್ಟೋ ವಾಸಿ. ಮೂರನೆಯ ಗುಂಪು ಇದೆ ನೋಡಿ, ಅವರ ಹತ್ತಿರ ಈ ವರ್ಷ ಒಂದು ಹುದ್ದೆಯೂ ಖಾಲಿ ಇಲ್ಲ. ಆದರೂ ಸ್ಟಾಲ್ ಹಾಕುತ್ತಾರೆ. ಒಂದು ವರ್ಷ ಮುಖ ತೋರಿಸದಿದ್ದರೆ ವಿದ್ಯಾರ್ಥಿಗಳು ತಮ್ಮನ್ನು ಮರೆತೇಬಿಡುತ್ತಾರೆ ಅನ್ನುವ ಭಯ. ಕಂಪನಿ ಬಾಗಿಲಿಗೆ ವಿದ್ಯಾರ್ಥಿ ಹೋಗುವ ಬದಲು ಕಾಲೇಜಿನ ಬಾಗಿಲಿಗೆ ಕಂಪನಿ ಬರುವುದು ಹಳೆಯ ಅಭ್ಯಾಸವೇ. ಪದವಿ ಮುಗಿಸಿದವರಿಗೆ ಕೆಲಸ ಹುಡುಕಿಕೊಡಲು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 1892ರಲ್ಲೇ ಒಂದು ಸಮಿತಿ ಮಾಡಿತು, ಕೇಂಬ್ರಿಜ್‌ನಲ್ಲಿ 1902ರಲ್ಲಿ ಮಂಡಳಿ ಬಂತು. 1960ರ ದಶಕದಲ್ಲಿ ಬ್ರಿಟನ್ನಿನ ಕಂಪನಿಗಳು ಒಂದಾದ ಮೇಲೆ ಒಂದು ವಿಶ್ವವಿದ್ಯಾಲಯಕ್ಕೆ ಹೋಗುವುದಕ್ಕೆ 'ಮಿಲ್ಕ್ ರೌಂಡ್' ಅಂತಲೇ ಹೆಸರು ಬಿತ್ತು. ಮನೆಮನೆಗೆ ಹಾಲು ಹಾಕುವವರ ಹಾಗೆ. ಹಾಲು ಹಾಕುವವರು ಹಾಲು ಕೊಟ್ಟು ಹೋಗುತ್ತಾರೆ, ಇವರು ಕೆನೆ ತೆಗೆದುಕೊಂಡು ಹೋಗುತ್ತಾರೆ ಅನ್ನುವುದೊಂದೇ ವ್ಯತ್ಯಾಸ.

ಆದ್ದರಿಂದ ಸ್ಟಾಲ್‌ಗೆ ಹೋದ ತಕ್ಷಣ ಕೇಳಬೇಕಾದ ಮೊದಲ ಪ್ರಶ್ನೆ ಇದು: "ಈ ಆರು ತಿಂಗಳಲ್ಲಿ ನೀವು ಹೊಸಬರನ್ನು ತೆಗೆದುಕೊಳ್ಳುತ್ತೀರಾ? ಯಾವ ಕೆಲಸಕ್ಕೆ?" ಕೇಳಲು ನಾಚಿಕೆ ಬೇಡ. ಉತ್ತರ ತೇಲಿಸಿ ಹೇಳಿದರೆ ಒಂದು ಪೆನ್ನು ತೆಗೆದುಕೊಂಡು ಮುಂದೆ ಹೋಗಿ.

ಈಗ ನಿಮ್ಮ 32ರ ಲೆಕ್ಕ. ಮೇಳ ಐದು ಗಂಟೆ ಇತ್ತು ಅಂದುಕೊಂಡರೂ ಒಂದೊಂದು ಸ್ಟಾಲ್‌ಗೆ 9 ನಿಮಿಷ ಸಿಕ್ಕಿತು. ಅದರಲ್ಲೇ ನಡಿಗೆ, ಅದರಲ್ಲೇ ಸಾಲಿನಲ್ಲಿ ನಿಲ್ಲುವುದು. ಮಾತಿಗೆ ಉಳಿದದ್ದೆಷ್ಟು? ನಾನು ಏನು ಮಾಡುತ್ತಿದ್ದೆ ಅಂದರೆ, ಮಾತಾಡಿದವರು ಆ ಕಡೆ ತಿರುಗಿದ ಕೂಡಲೇ ಅವರ ರೆಸ್ಯೂಮ್‌ನ ಮೂಲೆಯಲ್ಲಿ ಪೆನ್ಸಿಲ್‌ನಿಂದ ಒಂದು ಸಾಲು ಗೀಚುತ್ತಿದ್ದೆ. "ಲೈಬ್ರರಿ ಸಾಫ್ಟ್‌ವೇರ್ ಮಾಡಿದ್ದಾನೆ, ಎರಡು ಸಲ ಕೆಟ್ಟಿತು, ಯಾಕೆ ಕೆಟ್ಟಿತು ಅಂತ ಚೆನ್ನಾಗಿ ಹೇಳಿದ." ಇಷ್ಟೇ. ಸಂಜೆ ಸುಸ್ತಾಗಿ ಕೂತು ಇನ್ನೂರು ಚಿಲ್ಲರೆ ಹಾಳೆ ತಿರುವಿಹಾಕುವಾಗ ನನಗೆ ಯಾರ ಮುಖವೂ ನೆನಪಿರುತ್ತಿರಲಿಲ್ಲ, ಈ ಸಾಲು ಮಾತ್ರ ನೋಡುತ್ತಿದ್ದೆ. ಸಾಲು ಇದ್ದ ಹಾಳೆ ಒಂದು ಕಡೆ, ಮೂಲೆ ಖಾಲಿ ಇದ್ದ ಹಾಳೆ ಇನ್ನೊಂದು ಕಡೆ. ಎಲ್ಲರೂ ನನ್ನ ಹಾಗೆಯೇ ಬರೆಯುತ್ತಾರೆ ಅಂತಲ್ಲ. ಕೆಲವರು ಟ್ಯಾಬ್‌ನಲ್ಲಿ ಒತ್ತುತ್ತಾರೆ, ಕೆಲವರು ನಕ್ಷತ್ರ ಹಾಕುತ್ತಾರೆ, ಕೆಲವರು ಹಾಳೆಯನ್ನೇ ಎರಡು ಫೈಲ್‌ಗಳಲ್ಲಿ ಬೇರೆ ಬೇರೆ ಇಡುತ್ತಾರೆ. ಕೆಲಸ ಒಂದೇ. ನೀವು 32 ಕಡೆ ಖಾಲಿ ಮೂಲೆ ಬಿಟ್ಟು ಬಂದಿದ್ದೀರಿ ಅಂತ ನನ್ನ ಊಹೆ.

ಮುಂದಿನ ಸಲ ಆರೇಳು ಕಂಪನಿ ಸಾಕು. ಮೇಳಕ್ಕೆ ಮುಂಚೆಯೇ ಅವರ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಿಬಿಡಿ. ಆಮೇಲೆ ಸ್ಟಾಲ್‌ನಲ್ಲಿ "ಅರ್ಜಿ ಹಾಕಿದ್ದೇನೆ, ಈ ಕೆಲಸದ ಬಗ್ಗೆ ಒಂದು ಪ್ರಶ್ನೆ ಇದೆ" ಅಂತ ಶುರು ಮಾಡಿ. ಅವರ ಸಾಗಹಾಕುವ ಮಾತನ್ನು ನೀವೇ ಮೊದಲೇ ಕಸಿದುಕೊಂಡ ಹಾಗಾಯಿತು!

ಪ್ರಶ್ನೆ: ನನಗೆ ಹೊಸಬರ ಜೊತೆ ಮಾತೇ ಬರುವುದಿಲ್ಲ. "ನಿಮ್ಮ ಬಗ್ಗೆ ಹೇಳಿ" ಅಂದಾಗ ಹೇಳಲು ಒಂದು ನಿಮಿಷದ ಮಾತು ಬಾಯಿಪಾಠ ಮಾಡಿದ್ದೆ. ಎರಡನೇ ವಾಕ್ಯಕ್ಕೇ ಮರೆತುಹೋಯಿತು. ಸದ್ದು, ನೂಕುನುಗ್ಗಲು, ತಲೆ ತಿರುಗಿತು. ವಾಪಸ್ ಬಂದು ಅತ್ತೆ. ನನ್ನಂಥವರಿಗೆ ಮೇಳ ಅಲ್ಲವೇ ಅಲ್ಲ ಅನಿಸುತ್ತದೆ.
– ಹೆಸರು ಬೇಡ ಮೇಡಂ

ಉತ್ತರ: ಹೆಸರು ಹಾಕಿಲ್ಲ, ನಿಶ್ಚಿಂತೆಯಿಂದಿರಿ. ಬಾಯಿಪಾಠ ಮಾಡಿದ ಮಾತು ಮರೆತದ್ದೇ ಒಳ್ಳೆಯದಾಯಿತು ಅನ್ನುತ್ತೇನೆ. ದಿನಕ್ಕೆ ನೂರು ಸಲ "ನಾನು ಶ್ರಮಜೀವಿ, ಹೊಸದನ್ನು ಬೇಗ ಕಲಿಯುತ್ತೇನೆ, ತಂಡದಲ್ಲಿ ಚೆನ್ನಾಗಿ ಕೆಲಸ ಮಾಡುತ್ತೇನೆ" ಅಂತ ಕೇಳುವ ಕಿವಿಗೆ ನೂರಾ ಒಂದನೇ ಸಲ ಕೇಳಿದರೆ ಏನಾಗುತ್ತದೆ ಹೇಳಿ. ನಾನಂತೂ ತಲೆ ಆಡಿಸುತ್ತಾ ಹಿಂದಿನ ಸಾಲು ಎಷ್ಟುದ್ದ ಇದೆ ಅಂತ ನೋಡುತ್ತಿದ್ದೆ.

ಒಂದು ಹಳೆಯ ಅರ್ಜಿಯ ವಿಷಯ ಹೇಳುತ್ತೇನೆ. ಸುಮಾರು 1482ರಲ್ಲಿ ಲಿಯೊನಾರ್ಡೊ ಡ ವಿಂಚಿ ಮಿಲಾನ್‌ನ ದೊರೆ ಲುಡೊವಿಕೊ ಸ್ಫೋರ್ಜಾಗೆ ಕೆಲಸ ಕೇಳಿ ಒಂದು ಪತ್ರ ತಯಾರಿಸಿದ. ಅದರಲ್ಲಿ ಹೆಚ್ಚುಕಡಿಮೆ ಪೂರ್ತಿ ಯುದ್ಧದ್ದೇ ಮಾತು. ಹಗುರವಾದ ಸೇತುವೆ ಕಟ್ಟಬಲ್ಲೆ, ಕೋಟೆಯ ಕಂದಕದ ನೀರು ಖಾಲಿ ಮಾಡಬಲ್ಲೆ, ಫಿರಂಗಿ ಮಾಡಬಲ್ಲೆ. ಚಿತ್ರ ಬಿಡಿಸುವ ವಿಷಯ ಬರುವುದು ಕಟ್ಟಕಡೆಗೆ. ಲಿಯೊನಾರ್ಡೊನಿಗೆ ತನ್ನ ಬಗ್ಗೆ ಹೇಳಿಕೊಳ್ಳಲು ಬೇರೆ ಎಷ್ಟೋ ಇತ್ತು. ಆದರೆ ದೊರೆಗೆ ಆ ಹೊತ್ತಿಗೆ ಏನು ಬೇಕಿತ್ತೋ ಅದನ್ನು ಮಾತ್ರ ಮುಂದಿಟ್ಟ. ನೀವೂ ಅಷ್ಟೇ ಮಾಡಿ. ಪೂರ್ತಿ ಜೀವನಚರಿತ್ರೆ ಬೇಡ. ನೀವು ಮಾಡಿದ ಒಂದೇ ಒಂದು ಕೆಲಸ, ಅದರಲ್ಲಿ ಬಂದ ಒಂದು ತೊಡಕು, ಅದನ್ನು ಬಿಡಿಸಿದ ರೀತಿ. ಬಿಡಿಸಲಾಗದಿದ್ದರೆ ಅದನ್ನೂ ಹೇಳಿ, ಪರವಾಗಿಲ್ಲ. ಸ್ವಂತ ಕೈಯಿಂದ ಮಾಡಿದ ಕೆಲಸದ ಬಗ್ಗೆ ಮಾತಾಡಲು ಬಾಯಿಪಾಠ ಬೇಕಾಗುವುದಿಲ್ಲ.

ಇನ್ನೊಂದು ಸುಲಭದ ದಾರಿ, ನೀವೇ ಪ್ರಶ್ನೆ ಕೇಳುವುದು. ಮಾತು ಬಾರದವರಿಗೆ ಇದು ವರ. "ನೀವು ಸೇರಿದ ಮೊದಲ ತಿಂಗಳು ಏನು ಕೆಲಸ ಕೊಟ್ಟಿದ್ದರು?" ಅಂತ ಕೇಳಿ ನೋಡಿ. ಬೆಳಗ್ಗೆಯಿಂದ ಅದೇ ಕಂಪನಿ ಪುರಾಣ ಹೇಳಿ ಸಾಕಾಗಿರುವವರ ಮುಖ ಅರಳುತ್ತದೆ. ಅವರು ಮೂರು ನಿಮಿಷ ಮಾತಾಡುತ್ತಾರೆ, ನೀವು ಕೇಳಿಸಿಕೊಂಡರೆ ಸಾಕು. ಸಂಜೆ ಅವರು "ಒಳ್ಳೆ ಹುಡುಗಿ, ಚೆನ್ನಾಗಿ ಮಾತಾಡಿದಳು" ಅಂತ ಬರೆದುಕೊಂಡಿರುತ್ತಾರೆ! ಮಾತಾಡಿದ್ದು ಯಾರು ಅನ್ನುವುದು ಅವರಿಗೇ ನೆನಪಿರುವುದಿಲ್ಲ.

ಸದ್ದಿನ ಬಗ್ಗೆ: ಮೇಳ ಶುರುವಾದ ಮೊದಲ ಅರ್ಧ ಗಂಟೆಗೇ ಹೋಗಿ, ಜನ ಕಡಿಮೆ. ಕೆಲವು ವಿಶ್ವವಿದ್ಯಾಲಯಗಳು ಗದ್ದಲ ಆಗದವರಿಗೆಂದೇ ಮೊದಲ ಒಂದು ಗಂಟೆಯನ್ನು ಬೇರೆ ಇಡುತ್ತವೆ, ನಿಮ್ಮಲ್ಲಿ ಇದೆಯಾ ಅಂತ ಪ್ಲೇಸ್‌ಮೆಂಟ್ ಆಫೀಸ್‌ನಲ್ಲಿ ಕೇಳಿ. ಇಲ್ಲದಿದ್ದರೆ ಮಾಡಿ ಅಂತ ಕೇಳಿ. ಮತ್ತೆ, ನಿಮಗೆ ಜಾಸ್ತಿ ಇಷ್ಟದ ಕಂಪನಿಗೆ ಮೊದಲೇ ನುಗ್ಗಬೇಡಿ. ಅಷ್ಟೇನೂ ಇಷ್ಟ ಇಲ್ಲದ ಎರಡು ಕಡೆ ಮಾತಾಡಿ ನಾಲಿಗೆ ಸಡಿಲ ಮಾಡಿಕೊಂಡು ಆಮೇಲೆ ಅಲ್ಲಿಗೆ ಹೋಗಿ. ಆ ಇಬ್ಬರಿಗೆ ಇದು ಅನ್ಯಾಯವೇ, ಇರಲಿ.

ಪ್ರಶ್ನೆ: ನಾನಿನ್ನೂ ಎರಡನೇ ವರ್ಷ. ಮೇಳಕ್ಕೆ ಹೋಗುತ್ತೇನೆ ಅಂದರೆ ಗೆಳೆಯರು ನಗುತ್ತಾರೆ.

ಉತ್ತರ: ಹೋಗಿ. ನಿಮಗೆ ಸೋಲು ಗೆಲುವು ಏನೂ ಇಲ್ಲ, ಹಾಗಾಗಿ ಕೈ ನಡುಗುವುದಿಲ್ಲ. ಇಂಟರ್ನ್‌ಶಿಪ್ ಯಾವ ತಿಂಗಳು ಶುರು, ಅರ್ಜಿ ಯಾವಾಗ, ಯಾವ ಪೇಪರ್ ಓದಿದ್ದರೆ ಉಪಯೋಗ ಅಂತ ಕೇಳಿ ಬನ್ನಿ. ಅಂತಿಮ ವರ್ಷದವರು ಸಾಲಿನಲ್ಲಿ ಕಾಯುತ್ತಿದ್ದರೆ ಮಾತ್ರ ಜಾಗ ಬಿಡಿ. ನಗುವವರು ಮುಂದಿನ ವರ್ಷ ನಿಮ್ಮನ್ನೇ ಕೇಳುತ್ತಾರೆ.

ಪ್ರಶ್ನೆ: ನಮ್ಮದು 18 ಜನರ ಸಣ್ಣ ಕಂಪನಿ. ಹೋದ ಮೇಳದಲ್ಲಿ ನಮ್ಮ ಪಕ್ಕದ್ದೇ ಒಂದು ದೊಡ್ಡ ಕಂಪನಿಯ ಸ್ಟಾಲ್. ಅವರ ಹತ್ತಿರ ದೊಡ್ಡ ಪರದೆ, ಟಿ-ಶರ್ಟು, ಬ್ಯಾಗು. ಅವರ ಸಾಲು ನಮ್ಮ ಮೇಜಿನ ಮುಂದೆಯೇ ಹಾದುಹೋಗುತ್ತಿತ್ತು, ನಮ್ಮನ್ನು ಮಾತ್ರ ಯಾರೂ ನೋಡಲಿಲ್ಲ. ಸ್ಟಾಲ್‌ಗೆ ಕೊಟ್ಟ ದುಡ್ಡು ದಂಡ. ನಮ್ಮಂಥವರು ಏನು ಮಾಡಬೇಕು?
– ಕಂಪನಿ ನಡೆಸುವ ಒಬ್ಬರು

ಉತ್ತರ: ಸರ್, ಆ ಸಾಲು ನಿಮ್ಮ ಮೇಜಿನ ಮುಂದೆಯೇ ನಿಂತಿತ್ತು ಅಂತ ನೀವೇ ಬರೆದಿದ್ದೀರಿ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗಾಯಿತು! ಇಪ್ಪತ್ತು ನಿಮಿಷ ಸುಮ್ನೆ ನಿಂತು ಬೇಜಾರಾಗಿರುವ ಹುಡುಗರು, ನಿಮ್ಮಿಂದ ಮೂರಡಿ ದೂರದಲ್ಲಿ. ಮೇಜಿನ ಹಿಂದಿನಿಂದ ಈಚೆ ಬಂದು ಮಾತಾಡಿಸಬೇಕಿತ್ತು. ನೀವು ಕುರ್ಚಿಯಲ್ಲಿ ಕೂತು ಫೋನ್ ನೋಡುತ್ತಿದ್ದಿರಿ ಅಂತ ನನಗೊಂದು ಗುಮಾನಿ. ಬೇಸರ ಮಾಡಿಕೊಳ್ಳಬೇಡಿ, ನಾನೂ ಮೊದಲ ವರ್ಷ ಅದನ್ನೇ ಮಾಡಿದ್ದೆ. ಫೋನ್ ನೋಡುವವರ ಹತ್ತಿರ ಯಾವ ವಿದ್ಯಾರ್ಥಿಯೂ ಬರುವುದಿಲ್ಲ, ಅವರಿಗೆ ಮೊದಲೇ ಅಳುಕು.

ಟಿ-ಶರ್ಟಿನಲ್ಲಿ ನೀವು ಅವರನ್ನು ಗೆಲ್ಲಲಾರಿರಿ, ಆ ಆಟಕ್ಕೇ ಹೋಗಬೇಡಿ. ನಿಮ್ಮ ಹತ್ತಿರ ಇರುವುದು ಅವರ ಹತ್ತಿರ ಇಲ್ಲ. ನೀವು ಮಾಲೀಕರು, ಆಯ್ಕೆ ಮಾಡುವವರೂ ನೀವೇ. "ಶುಕ್ರವಾರದೊಳಗೆ ಹೌದು ಅಥವಾ ಇಲ್ಲ ಅಂತ ಹೇಳುತ್ತೇನೆ" ಅನ್ನಲು ನಿಮಗೆ ಸಾಧ್ಯ. ದೊಡ್ಡ ಕಂಪನಿಯ ಸ್ಟಾಲ್‌ನಲ್ಲಿ ನಿಂತವರಿಗೆ ಹಾಗೆ ಹೇಳಲು ಸಾಧ್ಯವೇ ಇಲ್ಲ. ಈ ಒಂದು ಮಾತನ್ನೇ ದಪ್ಪ ಅಕ್ಷರದಲ್ಲಿ ಬರೆದು ತೂಗುಹಾಕಿ. ಅದರ ಕೆಳಗೆ ಕೆಲಸ ಏನು, ಎಷ್ಟು ಜನ ಬೇಕು, ಸಂಬಳ ಎಷ್ಟು ಅಂತಲೂ ಬರೆಯಿರಿ. ಸಂಬಳ ಬರೆಯಲು ಎಲ್ಲರೂ ಹಿಂದೆಮುಂದೆ ನೋಡುತ್ತಾರೆ, ಯಾಕೋ ಗೊತ್ತಿಲ್ಲ, ಹೇಗಿದ್ದರೂ ಒಂದು ವಾರದಲ್ಲಿ ಹೇಳಲೇಬೇಕಲ್ಲ.

ಇನ್ನು, ಮೇಜಿನ ಮೇಲೆ ಬಣ್ಣದ ಕರಪತ್ರದ ಬದಲು ನಿಮ್ಮ ನಿಜವಾದ ಕೆಲಸ ಇಡಿ. ಯಂತ್ರದ ಭಾಗ ಮಾಡುವವರಾದರೆ ಒಂದು ಕೆಟ್ಟುಹೋದ ಭಾಗ ಇಟ್ಟು "ಇದು ಯಾಕೆ ಮುರಿಯಿತು, ಹೇಳಿ ನೋಡೋಣ" ಅನ್ನಿ. ಸಾಫ್ಟ್‌ವೇರ್‌ನವರಾದರೆ ತಪ್ಪಿರುವ ಹತ್ತು ಸಾಲು ಕೋಡ್ ಪ್ರಿಂಟ್ ಮಾಡಿ ಅಂಟಿಸಿ. ಇಂಥ ಕಡೆ ಯಾರು ನಿಲ್ಲುತ್ತಾರೋ ಅವರೇ ನಿಮಗೆ ಬೇಕಾದವರು. ಬ್ಯಾಗಿಗಾಗಿ ನಿಂತವರು ಬೇಕಿಲ್ಲ ಅಲ್ವಾ? ಜೊತೆಗೆ ಒಂದೆರಡು ವರ್ಷದ ಹಿಂದೆ ಸೇರಿದ ನಿಮ್ಮ ಹುಡುಗರಲ್ಲಿ ಒಬ್ಬರನ್ನು ಕರೆತನ್ನಿ. ನಿಮ್ಮ ಬೆನ್ನ ಹಿಂದೆ ವಿದ್ಯಾರ್ಥಿಗಳು ಅವರನ್ನು "ನಿಜ ಹೇಳಿ, ಹೇಗಿದೆ ಅಲ್ಲಿ?" ಅಂತ ಕೇಳಿಯೇ ಕೇಳುತ್ತಾರೆ. ಕೇಳಲು ಬಿಟ್ಟು ನೀವು ಸ್ವಲ್ಪ ದೂರ ಹೋಗಿ ಬನ್ನಿ. ಆ ಉತ್ತರಕ್ಕೆ ನಿಮಗೆ ಭಯ ಆಗುತ್ತದೆ ಅಂದರೆ ಸರಿಮಾಡಬೇಕಾದದ್ದು ಸ್ಟಾಲ್ ಅಲ್ಲ.

ನಾವು ಅವರ ಹಾಳೆಯ ಮೂಲೆಯಲ್ಲಿ ಒಂದು ಸಾಲು ಬರೆದುಕೊಳ್ಳುವ ಹಾಗೆಯೇ ಅವರೂ ನಮ್ಮ ಬಗ್ಗೆ ಒಂದು ಸಾಲು ಹೊತ್ತುಕೊಂಡು ಹಾಸ್ಟೆಲ್‌ಗೆ ಹೋಗುತ್ತಾರೆ, ರಾತ್ರಿ ಅದನ್ನೇ ಹತ್ತು ಜನಕ್ಕೆ ಹೇಳುತ್ತಾರೆ. "ಕರೀತೀವಿ ಅಂದರು, ಕರೀಲೇ ಇಲ್ಲ" ಅನ್ನುವ ಸಾಲು ಮುಂದಿನ ವರ್ಷದ ಮೇಳದವರೆಗೂ ಬದುಕಿರುತ್ತದೆ. ಆಯ್ಕೆ ಆಗದವರಿಗೂ ಎರಡು ಸಾಲು ಮೇಲ್ ಕಳಿಸಿ. ದೊಡ್ಡವರು ಅದನ್ನು ಮಾಡುವುದು ಅಪರೂಪ.

ಪ್ರಶ್ನೆ: ನಾನು ಇತಿಹಾಸ ಎಂ.ಎ. ಮೇಳದ ತುಂಬಾ ಕಂಪ್ಯೂಟರ್, ಬ್ಯಾಂಕು, ಸೇಲ್ಸ್. ನನ್ನ ರೆಸ್ಯೂಮ್ ನೋಡಿದವರ ಮುಖದಲ್ಲಿ "ಪಾಪ" ಅನ್ನುವ ಭಾವ. ಹೋಗಿ ಪ್ರಯೋಜನ ಇದೆಯಾ?

ಉತ್ತರ: ಕೆಲಸ ಕೇಳಲು ಹೋದರೆ ಸ್ವಲ್ಪ ಕಡಿಮೆ. ಜನರನ್ನು ಪರಿಚಯ ಮಾಡಿಕೊಳ್ಳಲು ಹೋದರೆ ಖಂಡಿತ ಇದೆ. ಮಾರ್ಕ್ ಗ್ರ್ಯಾನೊವೆಟರ್ ಅಂತ ಒಬ್ಬ ಅಮೆರಿಕದ ಸಮಾಜಶಾಸ್ತ್ರಜ್ಞರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ಕೇಳಿದರು, "ಆ ಪರಿಚಯದವರನ್ನು ಆ ಸಮಯದಲ್ಲಿ ಎಷ್ಟು ಸಲ ಭೇಟಿ ಆಗುತ್ತಿದ್ದಿರಿ?" ಅಂತ. ಆಗಾಗ ಸಿಗುತ್ತಿದ್ದೆವು ಅಂದವರು 100ಕ್ಕೆ 17 ಮಂದಿಯಷ್ಟೇ. ಉಳಿದವರಿಗೆಲ್ಲ ಕೆಲಸದ ಸುದ್ದಿ ತಂದದ್ದು ಯಾವಾಗಲೋ ಒಮ್ಮೆ ಸಿಗುವವರು, ಅಪರೂಪಕ್ಕೆ ಸಿಗುವವರು. 1973ರಲ್ಲಿ ಅವರು ಇದನ್ನು ಪ್ರಕಟಿಸಿದರು. 2022ರಲ್ಲಿ ಉದ್ಯೋಗ ಸಂಪರ್ಕದ ಜಾಲತಾಣ ಲಿಂಕ್ಡ್‌ಇನ್‌ನ 2 ಕೋಟಿ ಜನರ ಮೇಲೆ ನಡೆದ ಪ್ರಯೋಗದ ವರದಿ ಬಂದಾಗಲೂ ಹೆಚ್ಚುಕಡಿಮೆ ಅದೇ ಗೊತ್ತಾಯಿತು. ಕಾರಣ ಸರಳ. ನಿಮ್ಮ ಆಪ್ತ ಗೆಳೆಯರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಹೊರಗಿನವರಿಂದಲೇ ಬರಬೇಕು.

ಹಾಗಾಗಿ ಬ್ಯಾಂಕಿನ ಸ್ಟಾಲ್‌ನಲ್ಲಿ "ನನಗೆ ಕೆಲಸ ಇದೆಯಾ" ಅನ್ನಬೇಡಿ. "ನಿಮ್ಮಲ್ಲಿ ವರದಿ ಬರೆಯುವವರು, ಹಳೆಯ ದಾಖಲೆ ನೋಡಿಕೊಳ್ಳುವವರು, ತರಬೇತಿ ಕೊಡುವವರು ಯಾರು? ಅವರ ಜೊತೆ ಹತ್ತು ನಿಮಿಷ ಮಾತಾಡಬಹುದಾ?" ಅಂತ ಕೇಳಿ. ದೊಡ್ಡ ಸಂಸ್ಥೆ ಅಂದಮೇಲೆ ಬರೆಯುವವರು, ಹುಡುಕುವವರು, ವಿವರಿಸುವವರು ಬೇಕೇ ಬೇಕು. ಮತ್ತೆ "ಇತಿಹಾಸ ಎಂ.ಎ." ಅಂತ ಮಾತ್ರ ಹೇಳಬೇಡಿ. "ಒಂದಕ್ಕೊಂದು ತಾಳೆಯಾಗದ 40 ದಾಖಲೆ ಓದಿ ಯಾವುದು ನಂಬಬಹುದು ಅಂತ ಹತ್ತು ಪುಟದಲ್ಲಿ ಬರೆದಿದ್ದೇನೆ" ಅನ್ನಿ. ಈ ಸಾಲನ್ನು ನಾನಾಗಿದ್ದರೆ ಬರೆದುಕೊಳ್ಳುತ್ತಿದ್ದೆ.

ಪ್ರಶ್ನೆ: ಮೇಡಂ, ಮಗನ ಜೊತೆ ನಾನೂ ಮೇಳಕ್ಕೆ ಹೋಗಲೇ? ಅವನಿಗೆ ಏನು ಕೇಳಬೇಕು ಅಂತ ತಿಳಿಯುವುದಿಲ್ಲ.
– ಒಬ್ಬ ತಾಯಿ

ಉತ್ತರ: ಬೇಡಮ್ಮ. ಗೇಟಿನವರೆಗೆ ಬನ್ನಿ.

ಪ್ರಶ್ನೆ: ನಮ್ಮ ಕಾಲೇಜು ಎಲ್ಲದರಿಂದಲೂ ದೂರ. ಇಲ್ಲಿಗೆ ಕಂಪನಿಗಳು ಬರುವುದೇ ಇಲ್ಲ. ಆನ್‌ಲೈನ್ ಮೇಳಗಳಿಂದ ಉಪಯೋಗ ಉಂಟೇ?

ಉತ್ತರ: ಉಂಟು. ನಿಮ್ಮ ಕಷ್ಟ ನಿಮ್ಮೊಬ್ಬರದಲ್ಲ. ಅಮೆರಿಕದಲ್ಲಿ ದೊಡ್ಡ ನಗರಗಳಿಂದ ದೂರ ಇರುವ ಮಿಶಿಗನ್ ಟೆಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇದೇ ಕೊರತೆ ನೋಡಿ 2014ರಲ್ಲಿ ವಿದ್ಯಾರ್ಥಿಗಳನ್ನೂ ಕಂಪನಿಗಳನ್ನೂ ಆನ್‌ಲೈನ್‌ನಲ್ಲಿ ಜೋಡಿಸುವ ಹ್ಯಾಂಡ್‌ಶೇಕ್ ಅನ್ನುವ ಕಂಪನಿ ಶುರು ಮಾಡಿದರು. ಈಗ ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳ ಉದ್ಯೋಗ ವಿಭಾಗಗಳು ಅದನ್ನೇ ಬಳಸುತ್ತವೆ. 2020ರಲ್ಲಿ ಕೋವಿಡ್ ಬಂದು ಮೇಳಗಳೆಲ್ಲ ಪರದೆಯ ಮೇಲೆ ಹೋದಾಗ ದೂರದ ಕಾಲೇಜಿನವರಿಗೂ ಹತ್ತಿರದವರಿಗೂ ಒಂದೇ ಅಳತೆಯ ಕಿಟಕಿ ಸಿಕ್ಕಿತು.

ಆದರೆ ಆನ್‌ಲೈನ್ ಮೇಳಕ್ಕೆ ಹೋಗಿ ಸುಮ್ನೆ ಅಡ್ಡಾಡಲು ಆಗುವುದಿಲ್ಲ. ಒಬ್ಬೊಬ್ಬರೇ ಮಾತಾಡುವ ಸಮಯವನ್ನು ಮುಂಚೆಯೇ ಕಾದಿರಿಸಬೇಕು, ಅದು ಬೇಗ ತುಂಬಿಹೋಗುತ್ತದೆ. ಗುಂಪಿನ ಕೂಟದಲ್ಲಿ ಕ್ಯಾಮೆರಾ ಆಫ್ ಮಾಡಿ ಕೂತವರು ಅಲ್ಲಿ ಇದ್ದರು ಅಂತಲೇ ಯಾರಿಗೂ ಗೊತ್ತಾಗುವುದಿಲ್ಲ. ಚಾಟ್‌ನಲ್ಲಿ ಒಂದಾದರೂ ಪ್ರಶ್ನೆ ಹಾಕಿ. ಪರದೆಯ ಮೇಲೆ ನಿಮ್ಮ ಹೆಸರು ಸರಿ ಇದೆಯಾ ನೋಡಿಕೊಳ್ಳಿ. "ಅಪ್ಪನ ಫೋನ್" ಅನ್ನುವ ಹೆಸರಿನ ಒಬ್ಬ ಒಳ್ಳೆಯ ಹುಡುಗನನ್ನು ಹುಡುಕಲು ನಾನು ಎರಡು ದಿನ ಒದ್ದಾಡಿದ್ದೇನೆ.

ಪ್ರಶ್ನೆ: ಎಚ್‌ಆರ್ ಕೆಲಸಕ್ಕೆ ಹೊಸಬಳು. ನಮ್ಮ ಬಾಸ್ "ಹೆಸರುವಾಸಿ ಕಾಲೇಜುಗಳ ಮೇಳಕ್ಕೆ ಮಾತ್ರ ಹೋಗು" ಅನ್ನುತ್ತಾರೆ. ಇನ್ನೊಂದು ಒಪ್ಪಿಕೊಳ್ಳುತ್ತೇನೆ, ನನ್ನ ಹಾಗೆಯೇ ಮಾತಾಡುವ, ನನ್ನ ಹಾಗೆ ನಾಟಕದ ಹುಚ್ಚು ಇರುವ ಮಕ್ಕಳು ಬಂದರೆ ನನಗೆ ತಕ್ಷಣ ಇಷ್ಟವಾಗುತ್ತಾರೆ. ಇದು ತಪ್ಪಾ?

ಉತ್ತರ: ಇಷ್ಟವಾಗುವುದು ತಪ್ಪಲ್ಲ, ಅದನ್ನು "ಯೋಗ್ಯತೆ" ಅಂತ ಬರೆದುಕೊಂಡರೆ ತಪ್ಪು. ನಿಮ್ಮ ಹಾಗೆ ಒಪ್ಪಿಕೊಂಡವರು ಕಡಿಮೆ, ಅದಕ್ಕೇ ಮೊದಲು ಶಭಾಷ್. ಲಾರೆನ್ ರಿವೇರಾ ಅನ್ನುವ ಸಂಶೋಧಕಿ ಅಮೆರಿಕದ ದೊಡ್ಡ ಬ್ಯಾಂಕಿಂಗ್, ಕನ್ಸಲ್ಟಿಂಗ್, ವಕೀಲಿ ಸಂಸ್ಥೆಗಳಲ್ಲಿ ಆಯ್ಕೆ ಮಾಡುವ 120 ಜನರನ್ನು ಮಾತಾಡಿಸಿ 2012ರಲ್ಲಿ ಬರೆದರು. ಆಯ್ಕೆ ಮಾಡುವವರು ತಮ್ಮಂತೆಯೇ ಹವ್ಯಾಸ ಇರುವವರನ್ನು, ತಮ್ಮಂತೆಯೇ ಬೆಳೆದುಬಂದವರನ್ನು ಮೆಚ್ಚುತ್ತಾರೆ, ಕೆಲವು ಸಲ ಕೆಲಸದ ಜಾಣ್ಮೆಗಿಂತಲೂ ಅದೇ ಮುಂದಾಗುತ್ತದೆ ಅಂತ. ಹೆಸರುವಾಸಿ ಕಾಲೇಜಿನ ಮೋಹವೂ ಇದರ ಅಣ್ಣತಮ್ಮ.

ಹಾಗಂತ ಯಂತ್ರಕ್ಕೆ ಬಿಟ್ಟರೆ ನ್ಯಾಯ ಸಿಗುತ್ತದೆ ಅಂದುಕೊಳ್ಳಬೇಡಿ. ಅಮೆಜಾನ್ ಕಂಪನಿ ರೆಸ್ಯೂಮ್ ಆರಿಸಲು ಒಂದು ಸಾಫ್ಟ್‌ವೇರ್ ಮಾಡಿ ನೋಡಿತ್ತು. ಅದಕ್ಕೆ ಕಲಿಸಿದ್ದು ಹಿಂದಿನ 10 ವರ್ಷದ ರೆಸ್ಯೂಮ್‌ಗಳಿಂದ, ಅವುಗಳಲ್ಲಿ ಗಂಡಸರದೇ ಜಾಸ್ತಿ. ಅದು 'ಮಹಿಳಾ' ಅನ್ನುವ ಅರ್ಥದ ಪದ ಕಂಡ ರೆಸ್ಯೂಮ್‌ಗೆ ಅಂಕ ಕಡಿಮೆ ಮಾಡತೊಡಗಿತು. ಕೊನೆಗೆ ಕಂಪನಿ ಅದನ್ನು ಕೈಬಿಟ್ಟದ್ದು 2018ರಲ್ಲಿ ಸುದ್ದಿಯಾಯಿತು. ನಮ್ಮ ಹಳೆಯ ಚಾಳಿಯನ್ನೇ ಅದು ಕಲಿಯುವುದು.

ಮಾಡಬಹುದಾದ ಕೆಲಸ ಸಣ್ಣದು, ಸ್ವಲ್ಪ ಬೋರು. ಮೇಳಕ್ಕೆ ಹೋಗುವ ಮುಂಚೆ ಮೂರೇ ಮೂರು ಪ್ರಶ್ನೆ ಬರೆದುಕೊಳ್ಳಿ. ಬಂದವರಿಗೆಲ್ಲ ಅದೇ ಮೂರು ಕೇಳಿ. ಒಳ್ಳೆಯ ಉತ್ತರ ಅಂದರೆ ಏನು ಅಂತಲೂ ಮುಂಚೆಯೇ ಬರೆದಿಟ್ಟು ಅಂಕ ಹಾಕಿ. ಪಾಲ್ ಸ್ಯಾಕೆಟ್ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತು ಜೊತೆಗಾರರು ಆಯ್ಕೆಯ ವಿಧಾನಗಳ ಹಳೆಯ ಸಂಶೋಧನೆಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ 2022ರಲ್ಲಿ ಪ್ರಕಟಿಸಿದಾಗ, ಕೆಲಸ ಚೆನ್ನಾಗಿ ಮಾಡುವವರನ್ನು ಗುರುತಿಸುವುದರಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವ ಇಂಥ ಸಂದರ್ಶನವೇ ಮೇಲಿತ್ತು. ನಾಟಕದ ಬಗ್ಗೆ ಮಾತಾಡಿ, ಖುಷಿಪಡಿ. ಅಂಕ ಹಾಕಿದ ಮೇಲೆ. ಬಾಸ್‌ಗೆ ಮಾತ್ರ ವಾದ ಮಾಡಿ ಒಪ್ಪಿಸಲು ಹೋಗಬೇಡಿ. ಒಂದು ವರ್ಷ ಹೆಸರಿಲ್ಲದ ಒಂದು ಕಾಲೇಜಿನ ಮೇಳಕ್ಕೂ ಹೋಗಿ ಬನ್ನಿ, ಎರಡೂ ಕಡೆಯ ಅಂಕದ ಹಾಳೆ ಅವರ ಮುಂದಿಡಿ.

ಪ್ರಶ್ನೆ: ಮೇಳದಲ್ಲೇ ಸಂದರ್ಶನ ಮಾಡಿ ಆಫರ್ ಕೊಟ್ಟರು. ನಾಳೆ ಸಂಜೆಯೊಳಗೆ ಸಹಿ ಹಾಕದಿದ್ದರೆ ಬೇರೆಯವರಿಗೆ ಅಂದರು. ನನಗೆ ಇನ್ನೊಂದು ಕಡೆ ಮುಂದಿನ ವಾರ ಸಂದರ್ಶನ ಇದೆ. ಸಹಿ ಹಾಕಿಬಿಟ್ಟೆ. ಈಗ ನಿದ್ದೆ ಇಲ್ಲ.

ಉತ್ತರ: 24 ಗಂಟೆಯಲ್ಲಿ ಸಹಿ ಕೇಳುವುದು ಒತ್ತಡ ಹಾಕುವ ತಂತ್ರ. ವಿಶ್ವವಿದ್ಯಾಲಯಗಳ ಉದ್ಯೋಗ ವಿಭಾಗದವರೂ ಕಂಪನಿಯವರೂ ಸೇರಿಕೊಂಡಿರುವ ಅಮೆರಿಕದ ನೇಸ್ ಅನ್ನುವ ಸಂಘ ಇದೆ, ಅದರ ನಿಯಮಗಳಲ್ಲೇ ವಿದ್ಯಾರ್ಥಿಗೆ ಯೋಚಿಸಲು ಸಾಕಷ್ಟು ಸಮಯ ಕೊಡಬೇಕು, ಒತ್ತಡ ಹಾಕಬಾರದು ಅಂತ ಇದೆ. ಅದು ಕಾನೂನಲ್ಲ, ನಡತೆಯ ನಿಯಮ. ಆದರೂ "ಖುಷಿಯಾಗಿದೆ, ಆಫರ್ ಬರಹದಲ್ಲಿ ಕೊಡಿ, ಒಂದು ವಾರ ಸಮಯ ಬೇಕು" ಅಂತ ಕೇಳಿದರೆ ಹೆಚ್ಚಿನವರು ಎರಡು ಮೂರು ದಿನವಾದರೂ ಕೊಡುತ್ತಾರೆ. ಕೇಳಿದ್ದಕ್ಕೇ ಆಫರ್ ಕಿತ್ತುಕೊಂಡರೆ ಅಲ್ಲಿ ರಜೆ ಕೇಳಿದರೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ.

ನೀವು ಈಗಾಗಲೇ ಸಹಿ ಹಾಕಿದ್ದೀರಿ. ಮೊದಲು ಆ ಕಾಗದ ಪೂರ್ತಿ ಓದಿ. ಬಿಟ್ಟರೆ ದಂಡ, ಬಾಂಡ್ ಅಂತ ಏನಾದರೂ ಇದೆಯಾ ನೋಡಿ. ಆಮೇಲೆ ಪ್ಲೇಸ್‌ಮೆಂಟ್ ಆಫೀಸ್‌ಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ, ಯಾಕೆಂದರೆ ಒಪ್ಪಿ ಬಿಡುವವರನ್ನು ಮುಂದಿನ ಮೇಳಗಳಿಂದ ದೂರ ಇಡುವ ನಿಯಮ ಕೆಲವು ಕಡೆ ಇದೆ. ಕೆಲಸ ನಿಮಗೆ ಇಷ್ಟವೇ ಅನ್ನುವುದಾದರೆ ಮುಂದಿನ ವಾರದ ಸಂದರ್ಶನ ಬಿಟ್ಟುಬಿಡಿ. ಇಷ್ಟವಿಲ್ಲದಿದ್ದರೆ ಇವತ್ತೇ ಹೇಳಿ. ಸೇರುವ ದಿನ ಬೆಳಗ್ಗೆ ಫೋನ್ ಸ್ವಿಚ್ ಆಫ್ ಮಾಡಿಕೊಂಡವರಿಗಾಗಿ ಕಾದ ಅನುಭವ ನನಗಿದೆ, ಅದೂ ಕೆಟ್ಟದ್ದೇ.

ಪ್ರಶ್ನೆ: ಒಂದು ಸ್ಟಾಲ್‌ನಲ್ಲಿ ಕೆಲಸ ಖಾತ್ರಿ ಅಂದರು. ಆದರೆ ಮೊದಲು ತರಬೇತಿಗೆ ಡಿಪಾಸಿಟ್ ಕಟ್ಟಬೇಕಂತೆ, ಮೂಲ ಅಂಕಪಟ್ಟಿ ಅವರ ಹತ್ತಿರ ಇಡಬೇಕಂತೆ.

ಉತ್ತರ: ಕಟ್ಟಬೇಡಿ. ಕೊಡಬೇಡಿ. ಕೆಲಸ ಕೊಡಿಸುವ ಖಾಸಗಿ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಶುಲ್ಕ ತೆಗೆದುಕೊಳ್ಳಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಪ್ಪಂದದ 7ನೇ ವಿಧಿಯಲ್ಲಿ ಇದೆ. ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ, ಆದರೆ ಹೇಗಿರಬೇಕು ಅನ್ನುವುದು ಅಲ್ಲಿ ಸ್ಪಷ್ಟವಾಗಿದೆ. ಮೂಲ ಕಾಗದವನ್ನು ಬೇರೆಯವರ ಕೈಲಿ ಬಿಟ್ಟರೆ ನಿಮ್ಮ ಜುಟ್ಟನ್ನೇ ಕೊಟ್ಟ ಹಾಗೆ. ತೋರಿಸಿ, ನಕಲು ಕೊಡಿ, ಮೂಲ ವಾಪಸ್ ಬ್ಯಾಗಿಗೆ. ಮೇಳದ ಒಳಗೆ ಸ್ಟಾಲ್ ಇದೆ ಅಂದಮಾತ್ರಕ್ಕೆ ಯಾರೋ ಪರೀಕ್ಷೆ ಮಾಡಿಯೇ ಬಿಟ್ಟಿದ್ದಾರೆ ಅಂತಲ್ಲ. ವಿಶ್ವವಿದ್ಯಾಲಯಕ್ಕೆ ಇವತ್ತೇ ದೂರು ಕೊಡಿ, ನಾಳೆ ಇನ್ನೊಬ್ಬರು ಕಟ್ಟುವ ಮೊದಲು.

ಪ್ರಶ್ನೆ: ಮೇಳ ಮುಗಿದ ಮೇಲೆ ಮೇಲ್ ಬರೆಯಬೇಕಾ? ಬರೆದರೆ ಪೀಡಿಸಿದ ಹಾಗೆ ಆಗುವುದಿಲ್ಲವಾ?

ಉತ್ತರ: ಒಂದು ಸಲ ಬರೆದರೆ ಪೀಡೆಯಲ್ಲ. ಮರುದಿನವೇ ಬರೆಯಿರಿ, ಮೂರನೇ ದಿನಕ್ಕೆ ನನ್ನಂಥವಳು ಇನ್ನೊಂದು ಮೇಳದಲ್ಲಿ ಇರುತ್ತಾಳೆ. ನಾಲ್ಕು ಸಾಲು ಸಾಕು. ಹೀಗೆ:

"ನಿನ್ನೆ ಮಧ್ಯಾಹ್ನ ನಿಮ್ಮ ಸ್ಟಾಲ್‌ನಲ್ಲಿ ಲೈಬ್ರರಿ ಸಾಫ್ಟ್‌ವೇರ್ ಬಗ್ಗೆ ಮಾತಾಡಿದವನು ನಾನು. ನೀವು ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರ ಹೊಳೆಯಲಿಲ್ಲ, ರಾತ್ರಿ ಹೊಳೆಯಿತು, ಕೆಳಗೆ ಬರೆದಿದ್ದೇನೆ. ಟೆಸ್ಟಿಂಗ್ ಹುದ್ದೆಗೆ ಅರ್ಜಿ ಹಾಕಿದ್ದೇನೆ. ಮುಂದಿನ ಸುತ್ತು ಯಾವಾಗ ಅಂತ ತಿಳಿಸಿದರೆ ಉಪಕಾರ."

ಎರಡು ವಾರ ಉತ್ತರ ಬರದಿದ್ದರೆ ಇನ್ನೊಂದು ಸಲ, ಎರಡೇ ಸಾಲು. ಆಮೇಲೆ ಬಿಟ್ಟುಬಿಡಿ. ಮೊದಲ ಮೇಲ್‌ನಲ್ಲಿ ಮಾತ್ರ ಕಂಪನಿಯ ಹೆಸರು ಸರಿ ಇದೆಯಾ ಅಂತ ಎರಡು ಸಲ ನೋಡಿ. ನನಗೆ ಬಂದ ಒಂದು ಮೇಲ್ ಬಹಳ ಚೆನ್ನಾಗಿತ್ತು, ಪ್ರತಿ ಸಾಲೂ ಚೆನ್ನಾಗಿತ್ತು, ಕೊನೆಯಲ್ಲಿ "ಚಿಕ್ಕಂದಿನಿಂದಲೂ ನಿಮ್ಮ ಕಂಪನಿಯಲ್ಲೇ ಕೆಲಸ ಮಾಡುವ ಆಸೆ" ಅಂತ ಬರೆದು ನಮ್ಮ ಎದುರಿನ ಸ್ಟಾಲ್‌ನವರ ಹೆಸರು ಹಾಕಿದ್ದರು.